ಇಂದ್ರಾಣಿ ಸಿಸ್ಟರ್ ಚಪ್ಪಲಿ

ಬಂಗಾರಪೇಟೆಯ ಆ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿಗೆ ಚಪ್ಪಲಿ ಬಿಟ್ಟೇ ಹೋಗಬೇಕು. ನರ್ಸ್ ಇಂದ್ರಾಣಿಗೆ ಮುಳುವಾಗಿದ್ದೇ ಈ ಪದ್ಧತಿ. ಅವಳ ನೀಲಿ ಪಟ್ಟಿಯ ಚಪ್ಪಲಿ ಬಾಗಿಲಲ್ಲಿ ಕಂಡಿತೋ, ಮುಗೀತು! ಡ್ಯೂಟಿ ಮುಗಿದಿರಲಿ, ಊಟಕ್ಕೆ ಕೂತಿರಲಿ, "ಸಿಸ್ಟರ್ ಒಳಗವ್ರೆ, ಕೂಗಿ" ಅಂತ ಒಬ್ಬರಲ್ಲ ಒಬ್ಬರು ಶುರು. ತಮಿಳಿನವರಿಗೂ ಅವಳೇ, ತೆಲುಗಿನವರಿಗೂ ಅವಳೇ, ಫ್ಯಾನ್ ತಿರುಗದಿದ್ದರೂ ಅವಳೇ. ಉಳಿದ ನರ್ಸ್‌ಗಳಿಗಂತೂ, ಇಂದ್ರಾಣಿ ಇದ್ದಾಳಲ್ಲ, ಇನ್ನೇನು! ಉರಿಗಾಂನ ಮನೆಯಿಂದ ತಂದ ಊಟದ ಡಬ್ಬಿ ಎಷ್ಟೋ ಸಲ ಬಿಚ್ಚದೇ ವಾಪಸ್ ಹೋಗುತ್ತಿತ್ತು.

ಮೊನ್ನೆ ಬೂದಿಕೋಟೆಯ ಬಾಣಂತಿ ಮುನಿಲಕ್ಷ್ಮಿ, "ಅಕ್ಕಾ, ಮಗು ಆಲು ಕುಡೀತಿಲ್ಲ" ಅಂದಿದ್ದಕ್ಕೆ, "ನಾನೇನ್ ಮಾಡ್ಲಿ?" ಅಂತ ಇಂದ್ರಾಣಿ ರೇಗಿಬಿಟ್ಟಿದ್ದಳು. ಆ ಹುಡುಗಿಯ ಕಣ್ಣು ತುಂಬಿದ್ದು ನೋಡಿ ಇಂದ್ರಾಣಿಗೆ ತನ್ನ ಮೇಲೇ ಅಸಹ್ಯವಾಯಿತು. ಇಷ್ಟಪಟ್ಟು ಹಿಡಿದ ಕೆಲಸ. ಆದರೂ ಇವತ್ತು ಬಿಟ್ಟೇಬಿಡೋದು ಅಂತ ತೀರ್ಮಾನಿಸಿಕೊಂಡೇ ಬಂದಿದ್ದಳು.

ಮಧ್ಯಾಹ್ನ ಹೆಡ್ ನರ್ಸ್ ಶ್ಯಾಮಲಳ ಮುಂದೆ ನಿಂತು ಹೇಳಿಯೂಬಿಟ್ಟಳು. "ನನ್ ಕೈಲಾಗಲ್ಲ ಅಕ್ಕಾ. ಕೆಲ್ಸ ಬಿಡ್ತೀನಿ."

ಬುದ್ಧಿಮಾತು ಬರುತ್ತೆ ಅಂದುಕೊಂಡರೆ, ಶ್ಯಾಮಲ ಕೇಳಿದ್ದೇ ಬೇರೆ. "ಊಟ ಆಯ್ತಾ?"

"ಎಲ್ಲಿ ಊಟ ಬಿಡಿ, ಅಕ್ಕಾ."

ಶ್ಯಾಮಲ ಎದ್ದು ಹೋಗಿ ಬಾಗಿಲಲ್ಲಿದ್ದ ನೀಲಿ ಚಪ್ಪಲಿ ಕೈಗೆತ್ತಿಕೊಂಡಳು. ಅಯ್ಯಯ್ಯೋ, ದೊಡ್ಡವರು ಚಪ್ಪಲಿ ಮುಟ್ಟೋದೇ! ಇಂದ್ರಾಣಿ ಕೈ ಚಾಚಿದರೂ ಕೊಡಲಿಲ್ಲ. ಪಕ್ಕದ ಸ್ಟೋರ್ ರೂಮಿನ ಮೂಲೆಯಲ್ಲಿ ಅದನ್ನಿಟ್ಟು, ಅವಳನ್ನೂ ಡಬ್ಬಿ ಸಮೇತ ಅಲ್ಲೇ ಕೂರಿಸಿದಳು. "ನಾನೂ ಎಲ್ಲದಕ್ಕೂ ನಿನ್ ಹೆಸ್ರೇ ಕೂಗ್ತಿದ್ದೆ. ಬಾಗ್ಲಲ್ಲಿ ಈಗ ನನ್ ಚಪ್ಲಿ ಐತೆ. ತಿಂದಾಗೋವರ್ಗೂ ಆಚೆ ಬರ್ಬೇಡ."

ಸ್ವಲ್ಪ ಹೊತ್ತಿಗೆ ಹೊರಗೆ ಮುನಿಲಕ್ಷ್ಮಿಯ ಮಾವ ಬಚ್ಚಪ್ಪನ ದನಿ. "ಇಂದ್ರಾಣಮ್ಮ ಎಲ್ಲಿ? ಚಪ್ಲಿನೇ ಕಾಣ್ಸ್ತಿಲ್ಲ?"

"ಊಟಕ್ಕೋಗವ್ಳೆ. ನಾನಿದ್ದೀನಿ, ಏನಾಗ್ಬೇಕು ಹೇಳಪ್ಪ" ಅಂದಳು ಶ್ಯಾಮಲ.

ಇಂದ್ರಾಣಿ ಎದ್ದೇಬಿಟ್ಟಿದ್ದಳು. ಸ್ಟೋರ್ ರೂಮಿನ ಬಾಗಿಲಿಗೆ ಅಡ್ಡ ಕೂತಿದ್ದ ಆಯಾ ಅಮ್ಮಾಜಮ್ಮ ಗದರಿದಳು. "ಕೂತ್ಕೊಳ್ಳೇ ತಾಯಿ! ನೀನು ಉಂಡ್ರೆ ಆಸ್ಪತ್ರೆ ಬಿದ್ದೋಗಲ್ಲ."

ಬೀಳಲಿಲ್ಲ. ಮಗು ಅತ್ತಿತು, ಯಾರೋ ಎತ್ತಿಕೊಂಡರು, ಸುಮ್ಮನಾಯಿತು. ಇಂದ್ರಾಣಿ ಮುದ್ದೆ ಮುರಿದು ಅವರೆಕಾಳಿನ ಸಾರಿಗೆ ಅದ್ದಿ ನುಂಗಿದಳು. ತಣ್ಣಗಾಗಿದ್ದರೇನು, ಎಂಥ ರುಚಿ! ಎದೆ ಹಗುರಾಗಿ ಅಳು ಬಂತು. ಅತ್ತುಕೊಂಡೇ ಡಬ್ಬಿ ಖಾಲಿ ಮಾಡಿದಳು.

ಆಮೇಲೆ ಮುನಿಲಕ್ಷ್ಮಿಯ ಹತ್ತಿರ ಹೋಗಿ ಕೂತಳು. "ಮೊನ್ನೆ ರೇಗ್ಬಿಟ್ಟೆ, ಬೇಜಾರ್ ಮಾಡ್ಕೋಬೇಡಮ್ಮ" ಅಂತ, ಮಗುವನ್ನು ಎದೆಗೆ ಹಿಡಿಯೋದು ನಿಧಾನವಾಗಿ ತೋರಿಸಿಕೊಟ್ಟಳು. ಅಷ್ಟರಲ್ಲಿ ಶ್ಯಾಮಲ ಉಳಿದ ನರ್ಸ್‌ಗಳನ್ನು ಸೇರಿಸಿ ಖಡಕ್ಕಾಗಿ ಹೇಳುತ್ತಿದ್ದಳು: ಇನ್ನು ಮೇಲೆ ಊಟಕ್ಕೆ ಸರದಿ, ಉಣ್ಣುವವಳ ಚಪ್ಪಲಿ ಸ್ಟೋರ್ ರೂಮಿಗೆ, ಅವಳನ್ನು ಯಾರೂ ಕೂಗೋ ಹಾಗಿಲ್ಲ. ನಾಳೆ ಮೊದಲ ಸರದಿ ತನ್ನದೇ.

ಸಂಜೆ ಹೊರಟಾಗ ಅಮ್ಮಾಜಮ್ಮ ಅಳುಕುತ್ತಲೇ ಕೇಳಿದಳು. "ನಾಳೆ ಬತ್ತೀಯೇನಮ್ಮಾ?"

ಇಂದ್ರಾಣಿ ನೀಲಿ ಚಪ್ಪಲಿ ಮೆಟ್ಟಿಕೊಂಡಳು. "ಬರ್ದೆ ಇದ್ರೆ, ಶ್ಯಾಮಲಕ್ಕನ ಚಪ್ಲಿ ಎತ್ತಿಡೋರ್ಯಾರು?"