ಅಕ್ಕ ನೋಡಿದ್ದಾಳೆ

ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವ ಆಫೀಸು ಅದು. ಅಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷದ ಅನುಭವ, ಚುಟುಕಾಗಿ ಬರೆಯುವ ಕೋಡ್, ಮೂಗಿನ ತುದಿಯಲ್ಲೇ ಕೋಪ. ಎದುರು ಮೇಜಿನವನಿಗೆ ಜರಡಿ ಎಂದು ಹೆಸರಿಟ್ಟವಳೂ ಅವಳೇ. ಯಾರು ಏನೇ ಬರೆಯಲಿ, ತಪ್ಪು ಹುಡುಕುವ ಟೂಲಿಗೆ ಹಾಕಿ ಸೋಸದೆ ಆಸಾಮಿ ಬಿಡುತ್ತಿರಲಿಲ್ಲ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

“ಒಂದೊಂದು ಸಾಲಿಗೂ ಹೆಲ್ಮೆಟ್ ಹಾಕಿ ಕೂರಿಸ್ತೀಯಲ್ಲೋ ಮಾರಾಯ! ಕಣ್ಣಿಟ್ಟು ಓದಿದ್ರೆ ತಪ್ಪು ತಾನೇ ಕಾಣುತ್ತೆ,” ಎನ್ನುವಳು ಅಕ್ಕ.

“ಕಣ್ಣಿಗೆ ಸುಸ್ತಾಗುತ್ತಕ್ಕ, ಟೂಲಿಗೆ ಆಗಲ್ಲ.”

“ನಿನ್ನ ಟೂಲು ನೆರಳು ಕಂಡ್ರೂ ಬೊಗಳುತ್ತೆ, ಹೋಗೋ!”

ಟೂಲು ಬೊಗಳಿದರೆ, ಆ ಸಾಲನ್ನು ಬಿಟ್ಟುಬಿಡೆಂದು ಅದರ ಬಾಯಿ ಮುಚ್ಚಿಸಲು ಅವಕಾಶವಿತ್ತು. ಆದರೆ ಮುಚ್ಚಿಸಿದವರು ಆ ಸಾಲಿನ ಪಕ್ಕದಲ್ಲೇ ಹೆಸರು, ಕಾರಣ ಬರೆಯಬೇಕೆಂಬುದು ಆಫೀಸಿನ ಕಟ್ಟುನಿಟ್ಟು.

ಅವತ್ತು ಮಧ್ಯಾಹ್ನ ಮೂರೂವರೆಗೆ ಜರಡಿ ಅವಳ ಮೇಜಿನ ಬಳಿ ಬಂದು ನಿಂತ. ಮುಖದಲ್ಲಿ ನಗುವಿರಲಿಲ್ಲ.

“ಒಂದು ಆಸ್ಪತ್ರೆಯಿಂದ ದೂರು ಬಂದಿದೆ. ಮಿಷಿನ್ ತಾನಾಗೇ ಮೊದಲ ಡೋಸನ್ನ ಮತ್ತೆ ಬಿಟ್ಟಿದೆಯಂತೆ. ಪುಣ್ಯಕ್ಕೆ ನರ್ಸ್ ಪಕ್ಕದಲ್ಲೇ ಇದ್ರು. ಬಾಯಿ ಮುಚ್ಚಿಸಿದ ಸಾಲೆಲ್ಲ ತೆರೆದು ನೋಡಿದೆ ಅಕ್ಕ. ಇದು ಸಿಕ್ತು.”

ಯಂತ್ರ ಓಡಿದ ಸೆಕೆಂಡುಗಳ ಎಣಿಕೆ ಇಡಲು ಆ ಸಾಲು ಕೊಟ್ಟ ಜಾಗ ಚಿಕ್ಕದು, ಬೇಗ ತುಂಬುತ್ತದೆ ಎಂದು ಟೂಲು ಮೂರು ವರ್ಷದ ಹಿಂದೆಯೇ ಹೇಳಿತ್ತು. ಪಕ್ಕದಲ್ಲಿ ಅವಳದೇ ಮಾತು: ‘ಅಕ್ಕ ನೋಡಿದ್ದಾಳೆ. ನಾಲ್ಕು ಗಂಟೆಗಿಂತ ಹೆಚ್ಚು ಯಾರೂ ಓಡಿಸುವುದಿಲ್ಲ.’

ಆಗ ಓಡಿಸುತ್ತಿರಲಿಲ್ಲ, ನಿಜ. ಈಗೀಗ ಕೆಲವರು ಇಡೀ ದಿನ ಓಡಿಸತೊಡಗಿದ್ದಾರೆ. ಒಂಬತ್ತು ಗಂಟೆ ಆರು ನಿಮಿಷಕ್ಕೆ ಎಣಿಕೆಯ ಜಾಗ ತುಂಬಿ ಲೆಕ್ಕ ತಪ್ಪಿ, ಯಂತ್ರ ತಾನು ಈಗಷ್ಟೇ ಶುರುವಾದೆ ಎಂದುಕೊಂಡು ಆರಂಭದ ದೊಡ್ಡ ಡೋಸನ್ನು ಮತ್ತೆ ಕೊಡುತ್ತದೆ.

ಅಕ್ಕ ಫೋನಿಗೆ ಕೈ ಹಾಕಿದಳು. ಆಸ್ಪತ್ರೆಯಲ್ಲಿದ್ದ ಅವಳ ಅಪ್ಪನಿಗೆ ಬೆಳಗ್ಗೆ ಏಳಕ್ಕೆ ಹೃದಯದ ಔಷಧಿ ಹಾಕಿದ್ದು ಇದೇ ಯಂತ್ರದಲ್ಲಿ. ‘ನಮ್ಮದೇ ಮಿಷಿನ್ ಅಣ್ಣ, ನಿಶ್ಚಿಂತೆಯಾಗಿರು’ ಎಂದು ಜಂಬ ಕೊಚ್ಚಿಕೊಂಡು ಬಂದವಳೂ ಇವಳೇ. ಗಡಿಯಾರದಲ್ಲಿ ಮೂರು ನಲವತ್ತು. ಏಳರಿಂದ ಎಣಿಸಿದರೆ ನಾಲ್ಕು ಗಂಟೆ ಆರು ನಿಮಿಷಕ್ಕೆ ಗಡುವು; ಇನ್ನೆಷ್ಟು ಉಳಿಯಿತು?

“ಎಲ್ಲ ಆಸ್ಪತ್ರೆಗೂ ಫೋನ್ ಮಾಡಿಸೋ. ಯಾರದು ತಪ್ಪು ಅಂದ್ರೆ ನನ್ನ ಹೆಸರೇ ಹೇಳು. ನಮ್ಮಪ್ಪನಿಗೂ ಇದನ್ನೇ ಹಾಕಿದಾರೆ ಕಣೋ!”

ಗೆದ್ದೆನೆಂದು ಬೀಗಬಹುದಿತ್ತು ಜರಡಿ. “ನಾನು ನೋಡ್ಕೋತೀನಿ, ನೀನು ಮೊದಲು ಅಲ್ಲಿಗೆ ಮಾಡಕ್ಕ,” ಎಂದಷ್ಟೇ ಹೇಳಿ ಓಡಿದ.

ಅಪ್ಪನ ಪಕ್ಕದಲ್ಲಿದ್ದ ಅಣ್ಣ ಫೋನೆತ್ತಿದ.

“ಅಣ್ಣಾ, ಈಗಲೇ ನರ್ಸನ್ನ ಕರಿ. ಆ ಮಿಷಿನ್ ತೆಗೆಸಿ ಬೇರೆ ಥರದ್ದು ಹಾಕ್ಸು.”

“ಯಾಕೇ ಪುಟ್ಟಿ? ಇದು ನೀನೇ ಮಾಡಿದ್ದಲ್ವಾ?”

“ನಾನೇ ಮಾಡಿದ್ದು! ಅದಕ್ಕೇ ಹೇಳ್ತಿರೋದು, ಓಡೋ!”

ಅಣ್ಣ ಫೋನನ್ನು ಹಾಸಿಗೆ ಮೇಲೆ ಬಿಟ್ಟು ಓಡಿದ. ಮೂರು ಐವತ್ತಕ್ಕೆ ಕೊನೆಗೂ ಚಪ್ಪಲಿಗಳ ಸದ್ದು, ನರ್ಸಿನ ಅವಸರದ ಮಾತು, ಯಂತ್ರ ನಿಂತಾಗ ಆಗುವ ಉದ್ದನೆಯ ಕೂಗು ಕೇಳಿದವು. ಅದರ ಹಿಂದೆಯೇ ಅಪ್ಪನ ಕ್ಷೀಣ ದನಿ.

“ಅದನ್ನ ಯಾಕಮ್ಮ ತೆಗೀತೀಯ? ಇರಲಿ ಬಿಡು. ನನ್ನ ಮಗಳು ನೋಡಿದಾಳೆ.”