ಬಂದೂಕಿನ ಕೋಣೆ

"ತೇವ ಅಂದ್ರೆ ಇದಕ್ಕೆ ವಿಷ ಇದ್ದ ಹಾಗೆ ಸಾರ್," ಎಂದ ಬಂದೂಕಿನ ಮಿಸ್ತ್ರಿ. "ಮನೇಲಿ ಥಂಡಿ ಹಿಡೀದೇ ಇರೋ ಕೋಣೆ ಯಾವುದು?"

ಗಂಡ ಯೋಚಿಸಲೂ ಇಲ್ಲ. "ಮಹಡಿ ಮೇಲಿಂದು," ಎಂದ.

ಚಹಾದ ತಟ್ಟೆ ಹಿಡಿದು ಬಂದ ಅವಳು ಬಾಗಿಲಲ್ಲೇ ನಿಂತಳು. ಆ ಕೋಣೆಯನ್ನು ಗುಡಿಸಿ, ಒರೆಸಿ, ಕಿಟಕಿಗೆ ಹೊಸ ಪರದೆ ಕಟ್ಟಿದ್ದು ಅಮ್ಮನಿಗಾಗಿ. ನ್ಯುಮೋನಿಯಾದಿಂದ ಈಗಷ್ಟೇ ಎದ್ದಿದ್ದ ಅಮ್ಮ ಚಳಿ ಮುಗಿಯುವವರೆಗೆ ಇಲ್ಲಿರಲಿ ಎಂದು ಒಪ್ಪಿದ್ದವನು ಇದೇ ಗಂಡ.

"ರೀ, ಅಮ್ಮ ಬರ್ತಾಳಲ್ಲ..."

"ಕೆಳಗಡೆ ಕೋಣೆ ಇಲ್ವಾ?"

ಕೆಳಗಿನದು ಬಚ್ಚಲಿಗೆ ಅಂಟಿಕೊಂಡ ಕೋಣೆ. ಅದರ ಗೋಡೆ ಬೇಸಿಗೆಯಲ್ಲೂ ಬೆವರುತ್ತಿತ್ತು.

ಬಂದೂಕಿಗೆ ಗಂಡನ ಅಜ್ಜನ ವಯಸ್ಸು. ಹಳೆಯ ಕಾಲದ ಸೆಮಿ ಆಟೊಮ್ಯಾಟಿಕ್. ಒಮ್ಮೆ ಹೊಡೆದರೆ ನಳಿಗೆಯೇ ಹಿಂದಕ್ಕೆ ಜಾರಿ, ಮುಂದಿನ ತೋಟಾವನ್ನು ತಾನಾಗಿ ತುಂಬಿಕೊಳ್ಳುತ್ತಿತ್ತು. ತೀರಿಕೊಂಡ ಕಂಟ್ರಾಕ್ಟರನೊಬ್ಬನ ಹೆಂಡತಿ ಅದನ್ನು ಮಾರುತ್ತಾಳೆಂದು ತಿಳಿದದ್ದೇ ತಡ, ಗಂಡ ಲೈಸೆನ್ಸಿಗಾಗಿ ಕಚೇರಿಗಳಿಗೆ ಅಲೆದು ಚಪ್ಪಲಿ ಸವೆಸಿದ್ದ. ಕೊಡುವಾಗ ಆಕೆ, "ಸದ್ಯ, ತೊಲಗಿತು," ಎಂದಳಂತೆ. ಅದನ್ನು ತಮಾಷೆಯೆಂಬಂತೆ ಹೇಳಿ ನಕ್ಕಿದ್ದ.

ಬಿಚ್ಚಿ ಜೋಡಿಸುವುದನ್ನು ಮಿಸ್ತ್ರಿ ಗಂಡನಿಗೆ ತೋರಿಸಿದ, ಕಲಿತವಳು ಅವಳು. ಗಂಡನ ದಪ್ಪ ಬೆರಳುಗಳಿಗೆ ಸ್ಪ್ರಿಂಗು, ಹಿತ್ತಾಳೆಯ ಉಂಗುರ ದಕ್ಕಲಿಲ್ಲ. ಉಂಗುರ ತಿರುವುಮುರುವಾದರೆ ಹೊಡೆತಕ್ಕೆ ಮರದ ಹಿಡಿ ಬಿರುಕು ಬಿಡುತ್ತದೆ. ಎಣ್ಣೆ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

"ಬಂದೂಕಲ್ಲ, ಬಾಣಂತೀನ ತಂದಿದ್ದೀರಿ," ಎಂದಳು ಒಮ್ಮೆ.

"ನಾಜೂಕಿನ ಸಾಮಾನು ಕಣೇ," ಎಂದು ಗಂಡ ಹಿಗ್ಗಿದ.

ಅಮ್ಮ ಬಂದಳು. ಕೆಳಗಿನ ಕೋಣೆಯನ್ನು ನೋಡಿ, "ಬಚ್ಚಲು ಹತ್ತಿರವೇ ಇದೆ, ಅನುಕೂಲ ಆಯ್ತು," ಎಂದಳು. ವಾರ ಕಳೆಯುವಷ್ಟರಲ್ಲಿ ಕೆಮ್ಮು ಮರಳಿತು.

ಒಂದು ಬೆಳಿಗ್ಗೆ ಅವಳಿಗೆ ತಡೆಯಲಾಗಲಿಲ್ಲ. "ರೀ, ಬಂದೂಕನ್ನ ಕೆಳಗಿಡೋಣ. ಅಮ್ಮ ಮೇಲೆ ಮಲಗ್ಲಿ. ಆ ಕೆಮ್ಮು ಕೇಳಿಸಲ್ವಾ ನಿಮಗೆ?"

"ಕೇಳಿಸದೆ ಏನು? ನಂಗೂ ನಿದ್ದೆ ಇಲ್ಲ." ಗಂಡ ಪೇಪರ್ ಮಡಚಿದ. "ಆ ಥಂಡೀಲಿ ಇಟ್ರೆ ಅದಕ್ಕೆ ತುಕ್ಕು ಹಿಡಿಯುತ್ತೆ. ನಿಮ್ಮಮ್ಮನಿಗೇನು ತುಕ್ಕು ಹಿಡಿಯುತ್ತಾ?"

ಕೆಳಕೋಣೆಯ ಕೆಮ್ಮು ತಟ್ಟನೆ ನಿಂತಿತು. ಆಮೇಲೆ ಅಲ್ಲಿಂದ ನಗು ಕೇಳಿಸಿತು.

"ಹಿಡಿದಿರೋದು ಸಾಲದಾ ಅಳಿಯಂದಿರೇ? ಎದ್ರೆ ಕೂತ್ರೆ ಕಿರುಗುಡ್ತೀನಲ್ಲ!"

ಗಂಡನೂ ಗಟ್ಟಿಯಾಗಿ ನಕ್ಕ. ನಗುತ್ತಲೇ ಆಫೀಸಿಗೆ ಹೊರಟ.

ಅವಳು ಒಳಗೆ ಹೋದಾಗ ಅಮ್ಮ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮಗನಿಗೆ ಆಗಲೇ ಫೋನ್ ಮಾಡಿಯಾಗಿತ್ತು.

"ಅಲ್ಲಿ ಸೊಸೆ ಮುಖ ಗಂಟು ಹಾಕ್ತಾಳೆ, ಅಷ್ಟೇ ತಾನೆ? ಮುಖದ ಗಂಟು ಎದೆಗಿಳಿಯಲ್ಲ, ಬಿಡು."

"ಇರಮ್ಮ, ಈಗಲೇ ಅದನ್ನ ಕೆಳಗೆ ತರ್ತೀನಿ. ನಿನ್ನ ಹಾಸಿಗೆ ಮೇಲೆ ಹಾಕ್ತೀನಿ."

"ಹಾಕ್ತೀಯ. ಸಂಜೆ ಅವರು ಬಂದು ಇಳಿಸ್ತಾರೆ. ಹತ್ತಿ ಇಳಿಯೋಕೆ ನನ್ನ ಕಾಲಲ್ಲಿ ತ್ರಾಣ ಇಲ್ಲ ಮಗಳೇ."

ಇಳಿಸುವುದಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಆಮೇಲೆ ಬಗ್ಗಿ, ಉಳಿದ ಸೀರೆಗಳನ್ನು ತಾನೇ ಮಡಿಸತೊಡಗಿದಳು.

ಮಧ್ಯಾಹ್ನ ಅವಳ ತಮ್ಮ ಕಾರು ತಂದ. ಅಮ್ಮ ಕೈ ಬೀಸಲಿಲ್ಲ. ಕೆಮ್ಮು ಮಗಳಿಗೆ ಕೇಳಿಸದಿರಲೆಂದು ಎರಡೂ ಕೈಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕಾರು ತಿರುವು ದಾಟಿದ ಮೇಲೆ ಅವಳು ಮಹಡಿ ಹತ್ತಿ ಬಂದೂಕನ್ನು ಕೆಳಗೆ ತಂದಳು. ಅಮ್ಮನ ಮೈಯ ಗುರುತು ಇನ್ನೂ ಮಾಸದ ಹಾಸಿಗೆಯ ಮೇಲೆ ಪೇಪರ್ ಹಾಸಿ, ಅದನ್ನು ಕಳಚಬಹುದಾದಷ್ಟೂ ಕಳಚಿದಳು. ನಳಿಗೆ, ಉಂಗುರ, ಸ್ಪ್ರಿಂಗು, ತಿರುಪು. ಸದಾ ಸಾಲಾಗಿ ಇಡುತ್ತಿದ್ದವಳು ಈಗ ಕೈಗೆ ಬಂದಂತೆ ಚೆಲ್ಲಿದಳು. ತನ್ನ ದಿಂಬು, ಹೊದಿಕೆ ತೆಗೆದುಕೊಂಡು ಮೇಲೆ ಹೋಗಿ ಚಿಲಕ ಹಾಕಿದಳು.

ಸಂಜೆ ಗಂಡ ಒಬ್ಬನೇ ಬರಲಿಲ್ಲ. ಬಂದೂಕು ನೋಡಲು ಆಫೀಸಿನ ಸಾಹೇಬರನ್ನೂ ಕರೆತಂದಿದ್ದ.

"ಏ, ಏನಿದು ಅವಾಂತರ? ಎಲ್ಲಿದ್ದೀಯಾ? ಬಂದು ಜೋಡಿಸು, ಸಾಹೇಬ್ರು ಕಾಯ್ತಿದ್ದಾರೆ!"

"ನನಗೆ ಬರಲ್ಲ," ಎಂದಳು ಮೇಲಿನಿಂದ.

"ಅಯ್ಯೋ, ಬಂದೂಕು ನಿಮ್ಮದು, ನಿಮಗೆ ಬರಲ್ವೇನ್ರೀ?" ಸಾಹೇಬರ ದನಿ ಕೇಳಿಸಿತು. ಗಂಡ ಏನೋ ಗೊಣಗಿದ. ಸ್ವಲ್ಪ ಹೊತ್ತಿಗೆ ಸ್ಪ್ರಿಂಗೊಂದು ಚಂಗನೆ ಹಾರಿ ಎಲ್ಲಿಗೋ ಬಡಿದ ಸದ್ದು.

ಅವಳು ಗೋಡೆಯ ಕಡೆ ಹೊರಳಿ ಅಂಗೈ ಊರಿದಳು. ಹಗಲಿಡೀ ಬಿಸಿಲು ಕುಡಿದ ಗೋಡೆ ಇನ್ನೂ ಬೆಚ್ಚಗಿತ್ತು. ಅದು ತಣ್ಣಗಾಗುವವರೆಗೂ ಅವಳು ಕೈ ತೆಗೆಯಲಿಲ್ಲ.