ಉಪ್ಪಿನಮ್ಮನ ನಾಲ್ಕು ಲಕೋಟೆ

ಇಪ್ಪತ್ತೆರಡು ವರ್ಷದಿಂದ, ಕಾಲೇಜು ತೆರೆದ ಮೊದಲ ವಾರದಲ್ಲೇ, ನಾನು ಹಲಗೆಯ ಮೇಲೆ ಎರಡು ಗೆರೆ ಎಳೆಯುತ್ತೇನೆ. ಒಂದು ಬೇಡಿಕೆಯದು, ಇನ್ನೊಂದು ಪೂರೈಕೆಯದು. ಅವೆರಡೂ ಸೇರುವ ಜಾಗಕ್ಕಿಂತ ಒಂದು ಗೇಣು ಕೆಳಗೆ ಅಡ್ಡಗೆರೆ ಹಾಕಿ, ಬೆಲೆಯನ್ನು ಇಲ್ಲಿಗೆ ಕಟ್ಟಿಹಾಕಿದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಹಿಂದಿನ ಬೆಂಚಿನಲ್ಲಿ ತೂಕಡಿಸುವವರಿಗೂ ಉತ್ತರ ಗೊತ್ತು: ಸರಕು ಮಾಯವಾಗುತ್ತದೆ. ಇಷ್ಟೆಲ್ಲ ಬಲ್ಲ ನಾನು, ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ, ಒಂದು ಭಾನುವಾರ ನಲವತ್ತೆಂಟು ಮನೆಯವರ ಎದುರು ನಿಂತು ಟ್ಯಾಂಕರ್ ನೀರಿಗೆ ಬೆಲೆ ಕಟ್ಟಿಹಾಕಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನನಗೆ ಕೋಪ ಬಂದಿತ್ತು. ಊರಿನ ದೊಡ್ಡ ಪೈಪು ಬದಲಾಯಿಸುತ್ತೇವೆಂದು ಬೀದಿ ಅಗೆದುಹಾಕಿ ಎರಡು ತಿಂಗಳಾಗಿತ್ತು. ಮುಗಿಯಲು ಇನ್ನೂ ಆರು ತಿಂಗಳೆಂದು ಗುತ್ತಿಗೆದಾರ ಹಲ್ಲು ಕಿರಿದಿದ್ದ. ನಮ್ಮ ಬಡಾವಣೆಗೆ ನೀರು ತರುವ ಟ್ಯಾಂಕರ್ ಮಾಲೀಕರು ನಾಲ್ವರು. ಅವರು ನಾಲ್ವರೂ ಒಂದು ಬೆಳಿಗ್ಗೆ ಒಂದೇ ಬಾಯಲ್ಲಿ ಬೆಲೆಯನ್ನು ಮೂರು ಪಟ್ಟು ಮಾಡಿದರು. ಸಭೆಯಲ್ಲಿ ನಾನು ಮೇಜು ಗುದ್ದಿ, ಹಳೇ ಬೆಲೆಯ ಒಂದೂವರೆ ಪಟ್ಟಿಗಿಂತ ಒಂದು ಕಾಸು ಹೆಚ್ಚು ಕೊಡುವುದಿಲ್ಲ ಎಂದು ಠರಾವು ಮಾಡಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದ ಬೀದಿಯವರು ಮೂರು ಪಟ್ಟು ಸುರಿಯುತ್ತಿರುವಾಗ ನಮಗೇಕೆ ನೀರು ತರುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಬೇಕಾದವಳು ನಾನೇ ಮೇಜು ಗುದ್ದುತ್ತಿದ್ದೆ.

ಗುರುವಾರ ಬೆಳಿಗ್ಗೆ ನೆಲದಡಿಯ ತೊಟ್ಟಿಗೆ ಬಗ್ಗಿ ನೋಡಿದರೆ ತಳದಲ್ಲಿ ಕೆಸರು, ಅದರಲ್ಲೊಂದು ಮಗ್ಗು. ಜನ ಶಾಲೆಯ ಹತ್ತಿರದ ಬೀದಿ ನಲ್ಲಿಯಿಂದ ಕ್ಯಾನು ಹೊತ್ತು ತಂದು ಮೆಟ್ಟಿಲು ಹತ್ತತೊಡಗಿದರು. ಚಪ್ಪಾಳೆ ತಟ್ಟಿದ ಕೈಗಳೇ ನನ್ನನ್ನು ಕಂಡರೆ ಬಾಗಿಲು ಹಾಕಿಕೊಂಡವು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಲಾಂಡ್ರಿಯಾಕೆಯ ಮಾತು.

ಕಟ್ಟಡದ ಕೆಳಮನೆಯಲ್ಲಿ ಆಕೆಯ ಅಂಗಡಿ. ಮೂರು ಮೆಷಿನ್ನು, ಒಂದು ಉದ್ದನೆಯ ಇಸ್ತ್ರಿ ಮೇಜು, ಹಬೆಯಿಂದ ಸುಣ್ಣ ಎದ್ದ ಗೋಡೆ. ಆರು ವರ್ಷ ಬಾಗಿಲು ತಟ್ಟಿ ತಟ್ಟಿ ಆಕೆ ಒಂದು ಸಣ್ಣ ಆಸ್ಪತ್ರೆಯ ಹಾಸಿಗೆ ಬಟ್ಟೆಯ ಕೆಲಸ ಗಿಟ್ಟಿಸಿಕೊಂಡಿದ್ದಳು. ವಾರಕ್ಕೆ ಇನ್ನೂರು ಚಾದರ. ಸೋಮವಾರ ಸಂಜೆ ಆರಕ್ಕೆ ಒಗೆದು ಮಡಿಸಿ ಕೊಡಬೇಕು. ಒಂದು ವಾರ ತಪ್ಪಿದರೂ ಕೆಲಸ ಊರಾಚೆಯ ದೊಡ್ಡ ಕಾರ್ಖಾನೆಗೆ ಹೋಗುತ್ತದೆ ಎಂದು ಕಾಗದದಲ್ಲೇ ಬರೆದಿತ್ತು.

ಆಕೆ ನಮ್ಮ ಮನೆಗೆ ಬಂದು ಕೂರಲಿಲ್ಲ, ನಿಂತೇ ಮಾತಾಡಿದಳು.

"ಮೇಡಂ, ಕ್ಯಾನಲ್ಲಿ ತಂದ ನೀರಲ್ಲಿ ಅನ್ನ ಮಾಡ್ಕೋಬಹುದು. ಇನ್ನೂರು ಚಾದರ ಒಗೆಯೋಕಾಗಲ್ಲ. ಮೂರು ಪಟ್ಟು ಕೊಟ್ಟು ನಾನೊಬ್ಬಳೇ ತರಿಸ್ಕೋತೀನಿ ಅಂತ ಕೇಳ್ದೆ. ನಿಮ್ಮ ಕಟ್ಟಡಕ್ಕೆ ಬುದ್ಧಿ ಬರೋವರ್ಗೂ ಒಂದು ಹನಿ ಕೊಡಲ್ಲ ಅಂದ್ರು. ನೀವು ಪಾಠ ಮಾಡಿದ್ರಿ, ಫೇಲಾಗ್ತಿರೋದು ನಾನು."

ನಾಚಿಕೆಯಾಯಿತು, ಬರೀ ನಾಚಿಕೆ. ನಾಳೆಯೇ ಮೀಸೆ ಯಜಮಾನರ ಹತ್ತಿರ ಹೋಗಿ ಕ್ಷಮೆ ಕೇಳಿ ಮೂರು ಪಟ್ಟಿಗೆ ಒಪ್ಪಿಕೊಂಡು ಬರುತ್ತೇನೆ ಎಂದೆ. ಮೀಸೆ ಯಜಮಾನರೆಂದರೆ ಆ ನಾಲ್ವರ ಮುಂದಾಳು; ಐದು ಟ್ಯಾಂಕರ್ ಇಟ್ಟುಕೊಂಡ, ಮಾತಿಗೊಮ್ಮೆ ಮೀಸೆ ನೇವರಿಸುವ ದೊಡ್ಡ ಮನುಷ್ಯ.

"ಯಾಕೆ ಒಪ್ಕೋಬೇಕು?" ಎಂದು ಒಳಗಿನ ಮಂಚದಿಂದ ದನಿ ಬಂತು.

ಅದು ನಮ್ಮ ಅತ್ತೆ. ಮೂವತ್ತು ವರ್ಷ ಗುಂಡಿ, ದಾರ, ಲೇಸಿನ ಅಂಗಡಿ ನಡೆಸಿದವರು. ಮಂಡಿಯ ಆಪರೇಷನ್ ಆದ ಮೇಲೆ ಕಾಲು ಚಾಚಿ ಕೂತು, ಟ್ಯಾಬಿನಲ್ಲಿ ಬಂದರಿನ ಆಟ ಆಡುವುದೊಂದೇ ಅವರ ಕೆಲಸ. ಆಟದಲ್ಲಿ ಸಾವಿರಾರು ಜನ ಹಡಗು ಕಟ್ಟಿ, ಮೀನು ಹಿಡಿದು, ಸರಕು ಮಾರಿ ಊರು ಬೆಳೆಸುತ್ತಾರೆ. ಅತ್ತೆಯದು ಅಲ್ಲಿ ಉಪ್ಪಿನ ಮಳಿಗೆ. ಮುಖ ನೋಡದ ಜನ ಅವರನ್ನು ಉಪ್ಪಿನಮ್ಮ ಎಂದು ಕರೆಯುತ್ತಾರೆ. ವಯಸ್ಸಾದ ಮೇಲೆ ಇದೇನು ಹುಚ್ಚು ಎಂದು ನಾನು ಅದೆಷ್ಟು ಸಲ ಮೂಗು ಮುರಿದಿದ್ದೇನೋ.

"ಅತ್ತೆ, ಇದು ಆಟ ಅಲ್ಲ," ಎಂದೆ.

"ಅಲ್ಲ ಅಂತ ನಂಗೂ ಗೊತ್ತು ಕಣೆ. ಆಟದಲ್ಲಿ ಈ ತಪ್ಪು ಮಾಡಿದ್ರೆ ಹೊಸದಾಗಿ ಶುರು ಮಾಡ್ಬಹುದಿತ್ತು." ಟ್ಯಾಬು ಕೆಳಗಿಟ್ಟರು. "ಹೋದ ತಿಂಗಳು ಬಂದರಲ್ಲೂ ನಾಲ್ಕು ಜನ ಉಪ್ಪಿನ ಗದ್ದೆಯವರು ಸೇರ್ಕೊಂಡು ಬೆಲೆ ಏರಿಸಿದ್ರು. ಮೀನೆಲ್ಲ ಕೊಳೀತು. ಆಟ ನಡೆಸೋರು ಏನ್ಮಾಡಿದ್ರು ಹೇಳು, ನಿನ್ ಥರಾನೇ. ಇದಕ್ಕಿಂತ ಹೆಚ್ಚಿಗೆ ಮಾರಬಾರದು ಅಂತ ಹುಕುಂ ಹೊರಡಿಸಿದ್ರು. ಮಾರನೇ ದಿನ ಒಂದು ಹರಳು ಉಪ್ಪು ಸಿಗಲಿಲ್ಲ."

"ಆಮೇಲೆ?" ಎಂದು ಕೇಳಿದ್ದು ನಾನಲ್ಲ, ಲಾಂಡ್ರಿಯಾಕೆ. ಈಗ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು.

"ಆಮೇಲೆ ನಾನು ನಾಲ್ಕೂ ಜನಕ್ಕೆ ಬೇರೆಬೇರೆಯಾಗಿ ಗುಟ್ಟಲ್ಲಿ ಬರೆದೆ. ಇಡೀ ವರ್ಷದ ಉಪ್ಪು ಒಬ್ಬರ ಹತ್ರಾನೇ ತಗೋತೀನಿ, ಕಡಿಮೆ ಹೇಳಿದೋರಿಗೆ ಎಲ್ಲಾ, ಮಿಕ್ಕಿದೋರಿಗೆ ಸೊನ್ನೆ ಅಂತ. ಎರಡು ದಿನಕ್ಕೆ ನಾಲ್ಕೂ ಜನ ಬೆಲೆ ಇಳಿಸಿದ್ರು."

ಟಿವಿಯಲ್ಲಿ ಮಧ್ಯಾಹ್ನದ ವಾರ್ತೆ ಓಡುತ್ತಿತ್ತು. ಕೋಟು ಹಾಕಿದ ತಜ್ಞರೊಬ್ಬರು ಅಣೆಕಟ್ಟಿನ ನೀರಿನ ಮಟ್ಟ ತೋರಿಸಿ, ಊರಿನಲ್ಲಿ ತೀವ್ರ ಕೊರತೆ, ಬೆಲೆ ಏರಿಕೆ ಅನಿವಾರ್ಯ ಎನ್ನುತ್ತಿದ್ದರು. ಅತ್ತೆ ಕಿಟಕಿಯತ್ತ ಗದ್ದ ತೋರಿಸಿದರು. ಮೂಲೆಯ ಮರದ ಕೆಳಗೆ ಮೂರು ಟ್ಯಾಂಕರ್ ಸಾಲಾಗಿ ನಿಂತಿದ್ದವು. ಒಂದರ ಕೊಳಾಯಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಕೊರತೆ ಅಂದ್ರೆ ಅವು ಖಾಲಿ ನಿಂತಿರ್ಬೇಕಿತ್ತು. ತುಂಬ್ಕೊಂಡು ನಿಂತಿವೆ. ಮೊದ್ಲು ದಿನಕ್ಕೆ ಆರು ಸಲ ಓಡ್ತಿದ್ವು, ಈಗ ಎರಡು ಸಲ. ಗಾಡಿ ಸಾಲದ ಕಂತು ಓಡಿದ್ರೂ ಕಟ್ಬೇಕು, ನಿಂತ್ರೂ ಕಟ್ಬೇಕು. ನಾಲ್ವರಲ್ಲಿ ಒಬ್ಬನಿಗಾದ್ರೂ ನಿದ್ದೆ ಬರ್ತಿರಲ್ಲ."

ನನಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಇದು ನಾನು ಎರಡನೇ ವರ್ಷದವರಿಗೆ ನಾಲ್ಕು ಮನೆಯ ಚೌಕ ಬರೆದು ಕಲಿಸುವ ಪಾಠ. ಕೂಡಿ ಬೆಲೆ ಏರಿಸಿದವರಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಒಪ್ಪಂದ ಮುರಿಯುವುದರಲ್ಲೇ ಲಾಭ. ಉಳಿದವರು ಮಾತು ಉಳಿಸಿಕೊಂಡರೂ ಮುರಿಯುವುದು ಲೇಸು, ಮುರಿದರೂ ಮುರಿಯುವುದು ಲೇಸು. ನಾನು ನೀರಿನ ಬೆಲೆಯ ಜೊತೆ ಗುದ್ದಾಡಿದ್ದೆ. ಗುದ್ದಬೇಕಾದದ್ದು ಅವರ ನಾಲ್ವರ ನಡುವಿನ ನಂಬಿಕೆಯನ್ನು. ಹಲಗೆಯ ಮೇಲೆ ಸಾವಿರ ಸಲ ಬರೆದದ್ದನ್ನು ಗುಂಡಿ ಮಾರಿದ ಅತ್ತೆಯ ಬಾಯಿಂದ ಕೇಳಬೇಕಾಯಿತಲ್ಲ ಎಂದು ಉರಿಯಿತು. ಉರಿದರೂ ಪೆನ್ನು ತೆಗೆದುಕೊಂಡೆ.

ಕಾಗದ ಚಿಕ್ಕದು. ಆರು ತಿಂಗಳು, ನಲವತ್ತೆಂಟು ಮನೆ ಮತ್ತು ಲಾಂಡ್ರಿ, ಪೂರ್ತಿ ನೀರು ಒಬ್ಬರಿಗೇ. ನಿಮ್ಮ ಬೆಲೆ ಬರೆದು ಲಕೋಟೆ ಮುಚ್ಚಿ ಭಾನುವಾರ ಮಧ್ಯಾಹ್ನದೊಳಗೆ ಕೊಡಿ. ಮೊದಲ ಟ್ಯಾಂಕರ್ ಸೋಮವಾರ ಬೆಳಿಗ್ಗೆ ಏಳಕ್ಕೆ. ಉಳಿದವರಿಗೆ ಬರೆದಿದ್ದೇವೆಯೇ, ಅವರು ಉತ್ತರ ಕೊಟ್ಟರೇ ಎಂಬುದನ್ನು ಯಾರಿಗೂ ಹೇಳುವುದಿಲ್ಲ.

"ನೀನು ಹೋದ್ರೆ ನಾಲ್ವರೂ ಒಂದ್ಕಡೆ ಸೇರಿ ಮಾತಾಡ್ಕೋತಾರೆ," ಎಂದರು ಅತ್ತೆ.

"ನಾನು ಹೋಗ್ತೀನಿ," ಎಂದಳು ಲಾಂಡ್ರಿಯಾಕೆ. "ನಾಲ್ವರ ಬಿಳಿ ಅಂಗಿಗೂ ನಾನೇ ಇಸ್ತ್ರಿ ಹಾಕೋದು. ಒಗೆಯೋಕೆ ನೀರಿಲ್ದಿದ್ರೂ ಹೋದ ವಾರದ ಬಟ್ಟೆ ಕೊಡೋದು ಬಾಕಿ ಇದೆ."

ಶುಕ್ರವಾರ ನಾಲ್ಕು ಮನೆಗೆ ನಾಲ್ಕು ಗಂಟು ಹೋಯಿತು, ಮೇಲಿನ ಅಂಗಿಯ ಜೇಬಿನಲ್ಲಿ ಒಂದೊಂದು ಕಾಗದ.

ಶನಿವಾರ ಮೀಸೆ ಯಜಮಾನರು ನಮ್ಮ ಗೇಟಿನ ಮುಂದೆ ಬೈಕು ನಿಲ್ಲಿಸಿ, ಬೀದಿಗೆಲ್ಲ ಕೇಳುವ ಹಾಗೆ ನನಗೆ ಬುದ್ಧಿ ಹೇಳಿದರು. "ಮೇಡಂ, ನಾವು ನಾಲ್ವರೂ ಒಂದೇ ತಾಯಿ ಮಕ್ಕಳಿದ್ದಂಗೆ. ನಮ್ಮನ್ನ ಒಡೆಯೋಕೆ ಯಾರ್ ಕೈಲೂ ಆಗಲ್ಲ. ಮೂರು ಪಟ್ಟು ಅಂದ್ರೆ ಮೂರು ಪಟ್ಟೇ. ಪಾಠ ಗೀಠ ಎಲ್ಲಾ ಕಾಲೇಜಲ್ಲಿ ಇಟ್ಕೊಳಿ." ಅವರು ತೊಟ್ಟಿದ್ದ ಅಂಗಿ ಹಿಂದಿನ ದಿನ ನಮ್ಮ ಕೆಳಮನೆಯಿಂದ ಹೋದದ್ದೇ. ಕಾಗದ ಓದಿಯೇ ಇಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದಾರಲ್ಲ ಎನಿಸಿತು. ಯೋಜನೆ ಕೈಕೊಟ್ಟಿತೆಂದೇ ತಿಳಿದೆ. ಲಾಂಡ್ರಿಯಾಕೆ ಅವರ ಮುಖವನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಮಂಚದ ಮೇಲೆ ನಾಲ್ಕು ಲಕೋಟೆ ಇದ್ದವು. ಒಂದನ್ನು ಒಬ್ಬರ ಹೆಂಡತಿ ತಂದಿದ್ದಳು. ಮತ್ತೊಂದು ಬಾಗಿಲ ಸಂದಿಯಲ್ಲಿ ತೂರಿ ಬಂದಿತ್ತು. ಮೂರನ್ನು ಒಡೆದೆವು. ಎಲ್ಲರೂ ಇಳಿಸಿದ್ದರು: ಒಬ್ಬ ಎರಡು ಪಟ್ಟು, ಇನ್ನಿಬ್ಬರು ಒಂದೂಮುಕ್ಕಾಲಿನ ಆಸುಪಾಸು. ಕೊನೆಯದರಲ್ಲಿ, ಹಳೇ ಬೆಲೆಯ ಮೇಲೆ ಕಾಲು ಭಾಗ ಮಾತ್ರ ಹೆಚ್ಚು. ನನ್ನ ಠರಾವಿಗಿಂತಲೂ ಕಡಿಮೆ. ಕೆಳಗೆ ದಪ್ಪಕ್ಷರದಲ್ಲಿ ಮೀಸೆ ಯಜಮಾನರ ಸಹಿ.

ನಾನು ನಕ್ಕೆ. ಆಮೇಲೆ ಮೈಯೆಲ್ಲ ಉರಿಯಿತು. "ಒಂದೇ ತಾಯಿ ಮಕ್ಕಳಂತೆ. ಈಗ್ಲೇ ಮೂಲೆಗೆ ಹೋಗಿ ಎಲ್ಲರೆದುರು ಓದ್ತೀನಿ," ಎಂದು ಚಪ್ಪಲಿ ಮೆಟ್ಟಿದೆ.

"ಕೂತ್ಕೋ," ಎಂದರು ಅತ್ತೆ. "ಇವತ್ತೇ ಓದಿದ್ರೆ ಮೂವರೂ ಸೇರಿ ಅವನನ್ನ ಬಗ್ಗಿಸಿ ಮತ್ತೆ ಒಂದಾಗ್ತಾರೆ. ನಾಳೆ ಬೆಳಿಗ್ಗೆ ಅವನ ಗಾಡಿ ನಮ್ಮ ಗೇಟಿಗೆ ಬರ್ಲಿ. ಅಲ್ಲೀವರೆಗೂ ಬಾಯಿ ಮುಚ್ಚು. ನಿನಗೆ ಬಾಯಿ ಮುಚ್ಕೊಂಡಿರೋದೇ ಕಷ್ಟ ಅಂತ ನಂಗೊತ್ತು."

ಬಾಯಿ ಮುಚ್ಚಿಕೊಂಡೆ. ಮೀಸೆ ಯಜಮಾನರಿಗೆ ಒಪ್ಪಿಗೆಯ ಚೀಟಿ ಕಳಿಸಿದೆವು.

ಸೋಮವಾರ ಏಳಕ್ಕೆ ಸರಿಯಾಗಿ ಹಸಿರು ಟ್ಯಾಂಕರ್ ಬಂತು. ಯಜಮಾನರು ತಾವೇ ಚಾಲಕನ ಪಕ್ಕ ಕೂತಿದ್ದರು. ಲಾಂಡ್ರಿಯಾಕೆ ಗೇಟು ತೆರೆದು ಕಾಯುತ್ತಿದ್ದಳು. ಅವಳ ಹಿಂದೆ ಚಾದರಗಳ ಗುಡ್ಡೆ. ಮೇಲಿನ ಬಾಲ್ಕನಿಗಳಿಂದ ಜನ ಇಣುಕುತ್ತಿದ್ದರು. ಎದುರಿನ ಚಹಾ ಅಂಗಡಿಯಲ್ಲಿ ಉಳಿದ ಮೂವರು ಮಾಲೀಕರು ಲೋಟ ಹಿಡಿದು ನಿಂತಿದ್ದರು. ಹಸಿರು ಗಾಡಿ ನಮ್ಮ ಗೇಟಿಗೆ ತಿರುಗಿದ್ದನ್ನು ನೋಡಿ ಅವರ ಲೋಟ ತುಟಿಗೆ ಹೋಗದೆ ಅಲ್ಲೇ ನಿಂತಿತು.

ಗಾಡಿ ಗೇಟಿನ ಹೊರಗೇ ನಿಲ್ಲಿಸಿ ಯಜಮಾನರು ಇಳಿದರು. ಪೈಪು ಬಿಚ್ಚಲಿಲ್ಲ. ಚಾದರದ ಗುಡ್ಡೆ ನೋಡಿದರು, ಗಡಿಯಾರ ನೋಡಿದರು, ಮೀಸೆ ನೇವರಿಸಿದರು. ಆಮೇಲೆ ಗೇಟಿನ ಒಳಗಿದ್ದ ನನ್ನ ಕಡೆ ಬಾಗಿ ತಗ್ಗಿದ ದನಿಯಲ್ಲಿ, "ಲಕೋಟೆ ಮಾತು ಬೇರೆ, ಬೀದಿ ಮಾತು ಬೇರೆ ಮೇಡಂ. ಡೀಸೆಲ್ ಏರಿದೆ. ಮೂರು ಪಟ್ಟು ಕೊಟ್ರೆ ಪೈಪು ಬಿಡ್ತೀನಿ. ಆಯಮ್ಮಂಗೆ ಸಂಜೆ ಆರಕ್ಕೆ ಬಟ್ಟೆ ಕೊಡ್ಬೇಕಂತೆ, ಯೋಚನೆ ಮಾಡಿ," ಎಂದರು.

ಇದಕ್ಕೂ ಪುಸ್ತಕದಲ್ಲಿ ಒಂದು ಅಧ್ಯಾಯವಿದೆ. ಗಿರಾಕಿಗೆ ಬೇರೆ ದಾರಿ ಉಳಿದಿಲ್ಲ ಎಂದು ಗೊತ್ತಾದ ಕ್ಷಣದಲ್ಲಿ ಮಾರುವವನು ಕುತ್ತಿಗೆ ಹಿಡಿಯುತ್ತಾನೆ. ಎರಡನೇ ಲಕೋಟೆಯವನನ್ನು ಕರೆಯಬಹುದಿತ್ತು. ಆದರೆ ಅವನ ಗಾಡಿ ಅಂದು ಮೂಲೆಯಲ್ಲಿರಲಿಲ್ಲ; ಅದು ತುಂಬಿ ಬರುವ ಹೊತ್ತಿಗೆ ಮಧ್ಯಾಹ್ನ, ಇನ್ನೂರು ಚಾದರ ಒಣಗುವುದು ಕನಸು. ನಾನು ಲಾಂಡ್ರಿಯಾಕೆಯ ಮುಖ ನೋಡಿದೆ. ಆರು ವರ್ಷದ ಅನ್ನ ಅವಳದು. ಅವಳು ಹೂಂ ಎಂದರೆ ನಾನು ಮೂರು ಪಟ್ಟು ಕೊಡಲು ತಯಾರಿದ್ದೆ. ನನ್ನ ಹಟಕ್ಕೆ ಅವಳನ್ನು ಎರಡನೇ ಸಲ ಬಲಿ ಕೊಡಲು ಮನಸ್ಸಿರಲಿಲ್ಲ.

ಅವಳು ಹೋಗಿ ಗೇಟಿನ ಎರಡೂ ಬಾಗಿಲು ಎಳೆದು, ಚಿಲಕ ಹಾಕಿ, ಒಳಗಿನಿಂದ ಬೀಗ ಜಡಿದಳು.

"ನೀರು ಬೇಡ. ವಾಪಸ್ ತಗೊಂಡ್ಹೋಗಿ."

"ಬಟ್ಟೆ?" ಎಂದರು ಯಜಮಾನರು.

"ಹೋದ್ರೆ ಹೋಗ್ಲಿ. ಆರು ವರ್ಷದ ಹಿಂದೆ ಏನೂ ಇರ್ಲಿಲ್ಲ, ಮತ್ತೆ ಬಾಗಿಲು ತಟ್ತೀನಿ. ನೀವು ಈ ನೀರು ಎಲ್ಲಿಗೆ ತಗೊಂಡ್ಹೋಗ್ತೀರ, ಅದನ್ನ ಹೇಳಿ." ಸರಳಿನ ನಡುವಿಂದ ಕೈ ಚಾಚಿ ಚಹಾ ಅಂಗಡಿ ತೋರಿಸಿದಳು. "ಅವರ ಹತ್ರಾನಾ? ಗಾಡಿ ಯಾರ ಗೇಟಿಗೆ ತಿರುಗ್ತು ಅಂತ ಮೂವರೂ ನೋಡಿ ಆಯ್ತು. ನನ್ನ ಕೆಲಸ ಹೋದ್ರೆ ಒಂದು ಹೋಗುತ್ತೆ. ನಿಮಗೆ ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ."

ಯಜಮಾನರು ತಿರುಗಿ ನೋಡಿದರು. ಮೂವರೂ ರಸ್ತೆ ದಾಟಿ ಬರುತ್ತಿದ್ದರು. ಮೀಸೆಯ ಮೇಲಿದ್ದ ಕೈ ನಿಧಾನಕ್ಕೆ ಕೆಳಗಿಳಿಯಿತು. ಅವರು ಚಾಲಕನಿಗೆ ಪೈಪು ಎಳೆಯಲು ಸನ್ನೆ ಮಾಡಿ, "ಆಯ್ತು, ಲಕೋಟೆ ಬೆಲೆಗೇ. ಗೇಟು ತೆಗಿಯಮ್ಮ," ಎಂದು ಗೊಣಗಿದರು.

"ಎಷ್ಟು?"

"ನಿಮಗೆ ಗೊತ್ತಲ್ಲ."

"ನಂಗೊತ್ತು. ಅವರಿಗೆ ಗೊತ್ತಿಲ್ಲ. ಜೋರಾಗಿ ಹೇಳಿ."

ಮೂವರು ಮಾಲೀಕರು ಗಾಡಿಯ ಪಕ್ಕ ಬಂದು ನಿಂತರು. ಬೀಗದ ಕೈ ಲಾಂಡ್ರಿಯಾಕೆಯ ಮುಷ್ಟಿಯಲ್ಲಿತ್ತು. ಯಜಮಾನರು ನೆಲ ನೋಡಿದರು, ಟ್ಯಾಂಕರ್ ನೋಡಿದರು, ಕೊನೆಗೆ ಬಾಯಿ ಬಿಟ್ಟರು.

"ಹಳೇ ಬೆಲೆ ಮೇಲೆ ಕಾಲು ಭಾಗ," ಎಂದರು, ಬೀದಿಗೆಲ್ಲ ಕೇಳುವ ಹಾಗೆ.

ಅವಳು ಬೀಗ ತೆಗೆದಳು.